ಬ್ರಚೀನಾ ಕಮರಿ, ಕನ್ಯಾಕ ಪಾಳುಮನೆ: ಫ್ಲಿಂಡರ್ಸ್ ಕಡೆ ಕಾರು ತಿರುಗಿಸೋ ಮುಂಚೆ ಇದನ್ನ ಓದ್ಕೊಳ್ಳಿ

ಪ್ರತಿ ವರ್ಷ ಈಸ್ಟರ್ ರಜೆ ಹತ್ರ ಬಂತು ಅಂದ್ರೆ ಅಡಿಲೇಡ್‌ಗೆ ಹೊಸದಾಗಿ ಬಂದ ನಮ್ಮೋರಿಂದ ಅದೇ ಮೆಸೇಜು ಶುರು. "ಫ್ಲಿಂಡರ್ಸ್‌ಗೆ ಹೋಗ್ಬೇಕು ಅಂತಿದೀವಿ, ನಮ್ಮ ಕರೋಲಾ ಕಾರು ಸಾಕಾ?" "ಚಿಕ್ಕ ಮಕ್ಳಿದಾರೆ, ಸೇಫಾ?" "ಅಪ್ಪ ಅಮ್ಮ ಊರಿಂದ ಬಂದಿದಾರೆ, ಅವ್ರನ್ನ ಕರ್ಕೊಂಡು ಹೋಗ್ಬಹುದಾ?" (ಫ್ಲಿಂಡರ್ಸ್ ಅಂದ್ರೆ ಸೌತ್ ಆಸ್ಟ್ರೇಲಿಯಾದಲ್ಲಿ ಅಡಿಲೇಡ್‌ನಿಂದ ಉತ್ತರಕ್ಕಿರೋ ಬೆಟ್ಟಸಾಲು.) ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಮಾಡಿ ಬೆರಳು ಸವೆದು ಹೋಗಿದೆ, ಅದಕ್ಕೆ ಒಂದೇ ಸಲ ಎಲ್ಲಾ ಬರೆದು ಇಡ್ತಿದೀನಿ. ಉತ್ತರ ಮೊದಲೇ ಬೇಕು ಅನ್ನೋರಿಗೆ: ಕರೋಲಾದಲ್ಲಿ ಮುಕ್ಕಾಲು ಭಾಗ ನೋಡ್ಬಹುದು, ಮಕ್ಕಳನ್ನ ಧಾರಾಳವಾಗಿ ಕರ್ಕೊಂಡು ಹೋಗಿ, ಅಪ್ಪ ಅಮ್ಮಂಗೂ ಖುಷಿ ಆಗತ್ತೆ. ಆದ್ರೆ ಮಳೆ ಬಂದಿದ್ರೆ ಈ ಮೂರು ಉತ್ತರಾನೂ ಕ್ಯಾನ್ಸಲ್. ಯಾಕೆ ಅಂತ ಕೆಳಗೆ ಬರತ್ತೆ.

ನಾನು ಹೇಳ್ತಿರೋದು ಎರಡು ಜಾಗದ ಬಗ್ಗೆ. ಒಂದು ಬ್ರಚೀನಾ ಗಾರ್ಜ್, ಅದು ಇಕಾರಾ-ಫ್ಲಿಂಡರ್ಸ್ ರೇಂಜಸ್ ನ್ಯಾಷನಲ್ ಪಾರ್ಕ್ ಒಳಗಿದೆ. ಇನ್ನೊಂದು ದಾರೀಲೇ ಸಿಗೋ ಕನ್ಯಾಕ ಹೋಮ್‌ಸ್ಟೆಡ್, ಈಗ ಬರೀ ಕಲ್ಲುಗೋಡೆ ಉಳಿದಿರೋ ಪಾಳುಮನೆ. ಜೊತೆಗೆ ಪಾರ್ಕಿನ ರೆಸಾರ್ಟ್ ಇರೋ ವಿಲ್ಪೀನಾದಲ್ಲಿ ಇನ್ನೆರಡು ಹಳೇ ಮನೆ. (ಕನ್ಯಾಕ ಅಂದ್ರೆ ಕನ್ಯೆಗೂ ಕನ್ಯಾಕುಮಾರಿಗೂ ಏನೂ ಸಂಬಂಧ ಇಲ್ಲ, ಅದು ಇಲ್ಲಿನ ಮೂಲನಿವಾಸಿಗಳ ಭಾಷೆಯ ಹೆಸರು. ನಮ್ಮಮ್ಮ ಇನ್ನೂ ನಂಬಿಲ್ಲ.) ಇದು ಸಿನಿಮಾದಲ್ಲಿ ನೋಡೋ ಥರ ಮರಳು ದಿಬ್ಬದ ಮರುಭೂಮಿ ಅಲ್ಲ. ಕೆಂಪು ಬೆಟ್ಟ, ಒಣ ಹಳ್ಳ, ಮಂಡಿ ಎತ್ತರದ ಬೂದುಬಣ್ಣದ ಗಿಡ, ಅಷ್ಟೇ. ಮಳೆ ತುಂಬಾ ಕಮ್ಮಿ, ಬಂದ್ರೆ ಒಂದೇ ಏಟಿಗೆ ಬರತ್ತೆ.

ಮೊದಲು ಕೆಲವು ಪದ

ಇವು ಗೊತ್ತಿಲ್ದೆ ಹೋದ್ರೆ ಬೋರ್ಡ್ ಓದಿದ್ರೂ ತಲೆಗೆ ಹೋಗಲ್ಲ.

ಔಟ್‌ಬ್ಯಾಕ್ ಅಂದ್ರೆ ಕರಾವಳಿ ಊರುಗಳಿಂದ ಒಳಗಿನ ಬರಡು ಸೀಮೆ. ಸ್ಟೇಷನ್ ಅಂದ್ರೆ ಇಲ್ಲಿ ರೈಲೂ ಅಲ್ಲ ಪೊಲೀಸೂ ಅಲ್ಲ, ಸಾವಿರಾರು ಕುರಿ ದನ ಮೇಯಿಸೋ ದೊಡ್ಡ ಜಮೀನು, ನಮ್ಮ ಒಂದು ಹೋಬಳಿಗಿಂತ ದೊಡ್ಡದೂ ಇರತ್ತೆ. ಹೋಮ್‌ಸ್ಟೆಡ್ ಅಂದ್ರೆ ಆ ಸ್ಟೇಷನ್ನಿನ ಮುಖ್ಯ ಮನೆ. ಗಾರ್ಜ್ ಅಂದ್ರೆ ಬೆಟ್ಟ ಸೀಳ್ಕೊಂಡು ಹೋಗಿರೋ ಕಮರಿ, ಕ್ರೀಕ್ ಅಂದ್ರೆ ಹಳ್ಳ. ವರ್ಷದಲ್ಲಿ ಹೆಚ್ಚು ದಿನ ಅದರಲ್ಲಿ ನೀರೇ ಇರಲ್ಲ, ಬರೀ ಗುಂಡುಕಲ್ಲು. ಫ್ಲಡ್‌ವೇ ಅಂತ ಬೋರ್ಡ್ ಇದ್ರೆ ಆ ಹಳ್ಳ ರಸ್ತೆ ಮೇಲೇ ಹರಿಯತ್ತೆ, ಸೇತುವೆ ಇಲ್ಲ ಅಂತ ಅರ್ಥ. ಗ್ರಿಡ್ ಅಂದ್ರೆ ದನ ದಾಟದೇ ಇರಲಿ ಅಂತ ರಸ್ತೆಗೆ ಅಡ್ಡ ಹಾಕಿರೋ ಕಬ್ಬಿಣದ ಸರಳು, ಮೇಲೆ ಕಾರು ಹೋದಾಗ ಡರ್ರ್ ಅನ್ನತ್ತೆ, ಗಾಬರಿ ಆಗ್ಬೇಡಿ.

ಪೌಂಡ್ ಅನ್ನೋದಕ್ಕೆ ನಮ್ಮಲ್ಲೇ ಸರಿಯಾದ ಪದ ಇದೆ: ದೊಡ್ಡಿ. ಬೀಡಾಡಿ ದನ ಕೂಡಿಹಾಕೋ ದೊಡ್ಡಿ. ವಿಲ್ಪೀನಾ ಪೌಂಡ್ ಸುತ್ತ ಬೆಟ್ಟ, ಮಧ್ಯೆ ಬಟ್ಟಲಿನ ಥರ ತಗ್ಗು, ಸುಮಾರು 17 ಕಿಲೋಮೀಟರ್ ಉದ್ದ 8 ಕಿಲೋಮೀಟರ್ ಅಗಲ. ಬಿಳಿಯರಿಗೆ ಅದು ಕುರಿದೊಡ್ಡಿ ಥರ ಕಂಡಿತು, ಆ ಹೆಸರಿಟ್ರು. ಇಲ್ಲಿಯ ಅಡ್ನಮತ್ನ ಜನಕ್ಕೆ (ಆ ಪದದ ಅರ್ಥನೇ ಕಲ್ಲುಬೆಟ್ಟದ ಜನ ಅಂತ) ಅದು ಇಕಾರಾ, ಎಲ್ಲರೂ ಸೇರೋ ಜಾಗ. ಅಲ್ಲಿ ಸೇರಿದ್ದ ಜನರನ್ನ ಎರಡು ಅಕುರ್ರಾ, ಅಂದ್ರೆ ಮಹಾಸರ್ಪಗಳು ನುಂಗಿ ಅಲ್ಲೇ ಮಲಗಿಬಿಟ್ವು, ಅವುಗಳ ಮೈಯೇ ಈ ಬೆಟ್ಟದ ಗೋಡೆ ಅಂತ ಅವ್ರ ಕಥೆ. 2016ರಲ್ಲಿ ಪಾರ್ಕಿನ ಹೆಸರಿಗೂ ಇಕಾರಾ ಸೇರಿಸಿದ್ರು.

1. ಯಾವಾಗ ಹೋಗೋದು

ಏಪ್ರಿಲ್‌ನಿಂದ ಅಕ್ಟೋಬರ್. ಡಿಸೆಂಬರ್ ಜನವರೀಲಿ ರಜೆ ಇದೆ ಅಂತ ಹೋಗ್ಬೇಡಿ, 40 ಡಿಗ್ರಿ ದಾಟತ್ತೆ, ನೊಣ ಬಾಯಿ ಮೂಗು ಬಿಡಲ್ಲ, ಬೆಂಕಿ ಅಪಾಯ ಜೋರಾಗಿರೋ ದಿನ ಪಾರ್ಕನ್ನೇ ಮುಚ್ಚಿಬಿಡ್ತಾರೆ, ಐನೂರು ಕಿಲೋಮೀಟರ್ ಹೋಗಿ ಗೇಟ್ ನೋಡ್ಕೊಂಡು ವಾಪಸ್ ಬರ್ಬೇಕಾಗತ್ತೆ. ಜೂನ್ ಜುಲೈನಲ್ಲಿ ಹಗಲು ಹಿತವಾಗಿರತ್ತೆ, ರಾತ್ರಿ ಸೊನ್ನೆ ಹತ್ರ ಇಳಿಯತ್ತೆ. ಬೆಂಗಳೂರಿನ ಡಿಸೆಂಬರ್ ಚಳಿ ಲೆಕ್ಕದಲ್ಲಿ ಒಂದು ಸ್ವೆಟರ್ ತಗೊಂಡು ಟೆಂಟಲ್ಲಿ ಮಲಗಿದ್ರೆ ಬೆಳಿಗ್ಗೆ ಹಲ್ಲು ಕಟಕಟ ಅಂತಿರತ್ತೆ.

ಸ್ಕೂಲ್ ರಜೆ, ಲಾಂಗ್ ವೀಕೆಂಡ್‌ನಲ್ಲಿ ಇಡೀ ಅಡಿಲೇಡ್ ಅಲ್ಲೇ ಇರತ್ತೆ, ರೂಮು ಕ್ಯಾಂಪ್‌ಸೈಟು ತಿಂಗಳುಗಟ್ಟಲೆ ಮುಂಚೆ ಖಾಲಿ ಆಗತ್ತೆ. ನನ್ನ ಕೇಳಿದ್ರೆ ಮೇ ತಿಂಗಳ ಮಧ್ಯೆ, ಇಲ್ಲ ಆಗಸ್ಟ್ ಕೊನೆ ವಾರ. ಆಗಸ್ಟ್‌ನಲ್ಲಿ ಹೋಗೋರು ಕನ್ಯಾಕ ಹತ್ರ ಒಂದು ಸಮಾಧಿ ನೋಡ್ಬೇಕು, ಅದನ್ನ ಆಮೇಲೆ ಹೇಳ್ತೀನಿ.

2. ಕಾರು ಮತ್ತು ಕಾಗದ

ಅಡಿಲೇಡ್‌ನಿಂದ ವಿಲ್ಪೀನಾವರೆಗೆ ಕೆಳಗೆ ಹೇಳಿರೋ ದಾರೀಲಿ ಸುಮಾರು 470 ಕಿಲೋಮೀಟರ್, ಪೂರ್ತಿ ಟಾರು. ಕನ್ಯಾಕವೂ ಆ ಟಾರು ರಸ್ತೆ ಪಕ್ಕದಲ್ಲೇ. ಅಲ್ಲೀವರೆಗೆ ಯಾವ ಕಾರಾದ್ರೂ ನಡೆಯತ್ತೆ. ಗಾರ್ಜ್ ಒಳಗಿನ ದಾರಿ ಮಾತ್ರ ಮಣ್ಣು, ಜಲ್ಲಿ, ಗುಂಡುಕಲ್ಲು, ಮತ್ತೆ ಮತ್ತೆ ಹಳ್ಳ ದಾಟೋದು. ಒಣಗಿದ್ದಾಗ ಸ್ವಲ್ಪ ಎತ್ತರ ಇರೋ ಸಾಮಾನ್ಯ ಎಸ್‌ಯುವಿ ನಿಧಾನಕ್ಕೆ ಹೋಗತ್ತೆ, ತುಂಬಾ ತಗ್ಗಿರೋ ಸೆಡಾನ್ ಹೊಟ್ಟೆ ಉಜ್ಜತ್ತೆ. ಮಳೆ ಬಂದ ಮೇಲೆ ಫೋರ್ ವೀಲ್ ಡ್ರೈವ್ ಬಿಟ್ರೆ ಬೇರೇದು ಬೇಡ, ಎಷ್ಟೋ ಸಲ ಅದಕ್ಕೂ ದಾರಿ ಮುಚ್ಚಿರ್ತಾರೆ.

ಬಾಡಿಗೆ ಕಾರಿನವರು ಇಲ್ಲಿ ಕಿವಿ ಕೊಟ್ಟು ಕೇಳಿ, ನಮ್ಮೋರು ಹೆಚ್ಚಾಗಿ ಸಿಕ್ಕಿಬೀಳೋದು ಇಲ್ಲೇ. ಅಗ್ರಿಮೆಂಟ್‌ನಲ್ಲಿ "ಅನ್‌ಸೀಲ್ಡ್ ರೋಡ್" ಅಂತ ಒಂದು ಸಾಲಿರತ್ತೆ, ಅಂದ್ರೆ ಟಾರಿಲ್ಲದ ರಸ್ತೆ. ಸಾಮಾನ್ಯ ಕಾರುಗಳಿಗೆ ಅದನ್ನ ನಿಷೇಧ ಮಾಡಿರ್ತಾರೆ. ಕೌಂಟರ್‌ನಲ್ಲಿ ನೀವು ದಿನಕ್ಕೆ ಇಷ್ಟು ಡಾಲರ್ ಅಂತ ಜಾಸ್ತಿ ಕೊಟ್ಟು ಫುಲ್ ಕವರ್ ತಗೊಂಡಿದ್ರೂ ಮಣ್ಣು ರಸ್ತೇಲಿ ಏನಾದ್ರೂ ಆದ್ರೆ ಆ ಕವರ್ ಕೆಲಸಕ್ಕೆ ಬರಲ್ಲ. ಕಾರಿನ ಅಡಿಭಾಗಕ್ಕೆ, ನೀರಿಗೆ ಇಳಿಸಿ ಆದ ಹಾಳಿಗೆ ಅಂತೂ ಫೋರ್ ವೀಲ್ ಡ್ರೈವ್‌ಗೂ ಎಷ್ಟೋ ಕಡೆ ಕವರ್ ಇರಲ್ಲ. ನಾನೇ ಮೊದಲ ವರ್ಷ ಇದನ್ನ ಓದದೇ ಸೈನ್ ಹಾಕಿದ್ದೆ, ವಾಪಸ್ ಕೊಡುವಾಗ ಕಾರಿನ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದ್ರು, ಕೆಂಪು ಧೂಳು ಸುಳ್ಳು ಹೇಳಲ್ಲ. ಬುಕ್ ಮಾಡೋ ಮುಂಚೆನೇ ಫೋನ್ ಮಾಡಿ "ಬ್ರಚೀನಾ ಗಾರ್ಜ್ ರಸ್ತೆಗೆ ಈ ಕಾರಿಗೆ ಪರ್ಮಿಷನ್ ಇದ್ಯಾ" ಅಂತ ಹೆಸರು ಹೇಳಿ ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸ್ಕೊಳ್ಳಿ. ಪರ್ಮಿಷನ್ ಇಲ್ಲ ಅಂದ್ರೆ ವಿಲ್ಪೀನಾದಿಂದ ಟೂರ್ ವ್ಯಾನ್‌ನಲ್ಲಿ ಹೋಗಿ, ಕಾರಿನ ಡೋರ್ ಬಡ್ಕೊಂಡು ಅಳೋದಕ್ಕಿಂತ ಅಗ್ಗ.

ಸ್ವಂತ ಕಾರಾದ್ರೆ ಸ್ಪೇರ್ ಚಕ್ರ ಪೂರ್ತಿ ಸೈಜಿಂದಾ, ಅದರಲ್ಲಿ ಗಾಳಿ ಇದ್ಯಾ, ಜ್ಯಾಕ್ ಎಲ್ಲಿದೆ ಅಂತ ಮನೆ ಮುಂದೆನೇ ನೋಡ್ಕೊಳ್ಳಿ. ಈಗಿನ ಎಷ್ಟೋ ಕಾರಿಗೆ ಸ್ಪೇರ್ ಚಕ್ರನೇ ಇಲ್ಲ, ಒಂದು ಅಂಟಿನ ಬಾಟಲ್ ಕೊಟ್ಟಿರ್ತಾರೆ, ಚೂಪು ಕಲ್ಲಿಗೆ ಟೈರ್ ಪಕ್ಕ ಸೀಳಿದ್ರೆ ಆ ಅಂಟು ಏನೂ ಮಾಡಲ್ಲ. ಬ್ರೇಕ್‌ಡೌನ್ ಮೆಂಬರ್‌ಶಿಪ್ ಇದೆ ಅಂತ ಧೈರ್ಯ ಬೇಡ, ನಿಮ್ಮ ಪ್ಲಾನ್‌ನಲ್ಲಿ ಎಷ್ಟು ಕಿಲೋಮೀಟರ್ ಎಳ್ಕೊಂಡು ಹೋಗ್ತಾರೆ ಅನ್ನೋದು ನೋಡಿ.

ಪಾರ್ಕಿಗೆ ಕಾರಿನ ಲೆಕ್ಕದಲ್ಲಿ ಎಂಟ್ರಿ ಫೀ, ಆನ್‌ಲೈನಲ್ಲಿ ಮುಂಚೆನೇ ಕಟ್ಟಿ. ಕ್ಯಾಂಪ್‌ಸೈಟೂ ಆನ್‌ಲೈನೇ, ಅಲ್ಲಿ ಹೋಗಿ ನೋಡ್ಕೊಳ್ಳೋಣ ಅಂದ್ರೆ ಸಿಗ್ನಲ್ ಇರಲ್ಲ. ನಾಯಿ ಕರ್ಕೊಂಡು ಹೋಗೋ ಹಾಗಿಲ್ಲ, ಪರ್ಮಿಟ್ ಇಲ್ಲದೆ ಡ್ರೋನ್ ಹಾರಿಸೋ ಹಾಗಿಲ್ಲ.

3. ಡಿಕ್ಕೀಲಿ ಏನಿರ್ಬೇಕು

ನೀರು. ತಲೆಗೆ ದಿನಕ್ಕೆ ಕುಡಿಯೋಕೆ 5 ಲೀಟರ್, ಮೇಲೆ ಇಡೀ ಕಾರಿಗೆ ಒಂದು 20 ಲೀಟರ್ ಕ್ಯಾನು ಮುಟ್ಟದೇ ಇಡಿ. "ಅಷ್ಟೊಂದು ಯಾಕೆ, ಗಾರ್ಜ್ ಬರೀ 20 ಕಿಲೋಮೀಟರ್ ಅಲ್ವಾ" ಅಂತಾರೆ. ಕಾರು ಕೆಟ್ಟು ಮಾರನೇ ದಿನದವರೆಗೆ ಕೂತಿರ್ಬೇಕಾದ್ರೆ ಅದೇ 20 ಕಿಲೋಮೀಟರ್ ಬಳ್ಳಾರಿಯಷ್ಟು ದೂರ. ಒಂದೇ ಕ್ಯಾನಲ್ಲಿ ಎಲ್ಲಾ ತುಂಬಿಸ್ಬೇಡಿ, ಸೋರಿದ್ರೆ ಎಲ್ಲಾ ಹೋಯ್ತು, ಎರಡು ಮೂರಾಗಿ ಹಂಚಿ.

ಊಟ: ಹಳ್ಳಿ ಪಬ್‌ಗಳಲ್ಲಿ ಸಸ್ಯಾಹಾರ ಅಂದ್ರೆ ಆಲೂ ಚಿಪ್ಸು, ಅದೃಷ್ಟ ಇದ್ರೆ ಒಂದು ಪಿಜ್ಜಾ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಜೊತೆಗಿರಲಿ. ಮೆಲ್ಬರ್ನ್, ಸಿಡ್ನಿ ಕಡೆಯಿಂದ ಕಾರಲ್ಲಿ ಬರೋರು ಹಣ್ಣು ತರಕಾರಿ ತರ್ಬೇಡಿ, ಹಣ್ಣುನೊಣದ ಕಾಟಕ್ಕೆ ಸೌತ್ ಆಸ್ಟ್ರೇಲಿಯಾ ಗಡಿಯಲ್ಲಿ ತಪಾಸಣೆ ಇದೆ, ಹಸಿಮೆಣಸಿನಕಾಯಿ ಟೊಮೇಟೊನೂ ಅದೇ ಲೆಕ್ಕಕ್ಕೆ ಬರತ್ತೆ. ಪೋರ್ಟ್ ಅಗಸ್ಟಾದಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಇದೆ, ಅಲ್ಲಿ ಕೊಳ್ಳಿ. ಇನ್ನೊಂದು ವಿಷ್ಯ, ಟೋಟಲ್ ಫೈರ್ ಬ್ಯಾನ್ ದಿನ, ಅಂದ್ರೆ ಯಾವ ಬೆಂಕಿನೂ ಹಚ್ಚೋ ಹಾಗಿಲ್ಲ ಅನ್ನೋ ದಿನ, ಕ್ಯಾಂಪಲ್ಲಿ ಗ್ಯಾಸ್ ಸ್ಟವ್ ಹಚ್ಚೋ ಯೋಚನೆನೂ ಬೇಡ. ಅವತ್ತಿಗೆ ಬೆಂಕಿ ಬೇಡದ ಊಟ ಇರ್ಲಿ.

ಫೋನು: ಹಾಕರ್ ಊರಲ್ಲಿ ಮತ್ತು ವಿಲ್ಪೀನಾದಲ್ಲಿ ಟೆಲ್‌ಸ್ಟ್ರಾ ಕಂಪನಿಯ ಸಿಗ್ನಲ್ ಸಿಗತ್ತೆ, ಗಾರ್ಜ್ ಒಳಗೆ ಏನೂ ಇಲ್ಲ. ಮ್ಯಾಪನ್ನ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳ್ಳಿ. ಪಿಎಲ್‌ಬಿ ಅಂತ ಒಂದು ಸಾಧನ ಇದೆ, ಅಂಗೈ ಅಗಲ, ಗುಂಡಿ ಒತ್ತಿದ್ರೆ ಸ್ಯಾಟಲೈಟ್ ಮೂಲಕ ನೀವಿರೋ ಜಾಗ ರಕ್ಷಣಾ ಪಡೆಗೆ ಹೋಗತ್ತೆ. ಬಾಡಿಗೆಗೂ ಸಿಗತ್ತೆ. ಪ್ರಾಣಕ್ಕೆ ಬಂದಾಗ ಮಾತ್ರ ಒತ್ತೋದು, ಪಂಕ್ಚರ್‌ಗೆ ಅಲ್ಲ. ಇವೆಲ್ಲಕ್ಕಿಂತ ಮುಖ್ಯ, ಯಾವ ದಾರಿ, ಯಾವತ್ತು ವಾಪಸ್, ಎಷ್ಟು ಗಂಟೆ ಒಳಗೆ ಫೋನ್ ಬರದೇ ಇದ್ರೆ ಪೊಲೀಸ್‌ಗೆ ಹೇಳ್ಬೇಕು ಅಂತ ಅಡಿಲೇಡ್‌ನಲ್ಲಿ ಒಬ್ಬರ ಹತ್ರ ಬರೆದು ಕೊಟ್ಟು ಹೋಗಿ.

ಉಳಿದಿದ್ದು ಮುಚ್ಚಿದ ಶೂ, ಟೋಪಿ, ಮುಖಕ್ಕೆ ನೊಣದ ಬಲೆ, ಟಾರ್ಚು, ಫಸ್ಟ್ ಏಡ್.

4. ಮೊದಲ ದಿನ: ಅಡಿಲೇಡ್ – ಕ್ವಾರ್ನ್ – ಕನ್ಯಾಕ – ವಿಲ್ಪೀನಾ

ಬೆಳಿಗ್ಗೆ 6ಕ್ಕೆ ಹೊರಡಿ. ಪೋರ್ಟ್ ಅಗಸ್ಟಾ ಸುಮಾರು 310 ಕಿಲೋಮೀಟರ್, ಅಲ್ಲಿಂದ ಪಿಚಿ ರಿಚಿ ಅನ್ನೋ ಕಣಿವೆ ದಾಟಿ ಕ್ವಾರ್ನ್ 40, ಕ್ವಾರ್ನ್ ದಾಟಿ ಇನ್ನೊಂದು 40 ಹೋದ್ರೆ ಕನ್ಯಾಕ ಬೋರ್ಡು. ಹಾಕರ್ ಅಲ್ಲಿಂದ 25 ಮುಂದೆ, ವಿಲ್ಪೀನಾ ಅಲ್ಲಿಂದ ಸುಮಾರು 55.

ಕ್ವಾರ್ನ್ ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಬಯಲಲ್ಲಿ ಸೂರಿಲ್ಲದ ಕಲ್ಲುಮನೆಗಳು ಕಾಣೋಕೆ ಶುರು ಆಗತ್ತೆ, ಒಂದಲ್ಲ ಎರಡಲ್ಲ. ಅದಕ್ಕೊಂದು ಕಾರಣ ಇದೆ. 1865ರಲ್ಲಿ ಜಾರ್ಜ್ ಗಾಯ್ಡರ್ ಅನ್ನೋ ಸರ್ಕಾರಿ ಸರ್ವೇಯರ್ ಜನರಲ್ ದೊಡ್ಡ ಬರ ಆದ ಮೇಲೆ ಕುದುರೆ ಮೇಲೆ ಸುತ್ತಿ, ಎಲ್ಲಿ ಯಾವ ಗಿಡ ಬೆಳೆದಿದೆ ಅಂತ ನೋಡಿ ನಕ್ಷೆ ಮೇಲೆ ಒಂದು ಗೆರೆ ಎಳೆದ. ಈ ಗೆರೆಯಿಂದ ಉತ್ತರಕ್ಕೆ ಮಳೆ ನಂಬೋ ಹಾಗಿಲ್ಲ, ಗೋಧಿ ಬಿತ್ತಬೇಡಿ ಅಂತ. ಆಮೇಲೆ ನಾಲ್ಕಾರು ವರ್ಷ ಚೆನ್ನಾಗಿ ಮಳೆ ಬಂತು, ನೇಗಿಲು ಹೋದ ಕಡೆ ಮಳೆ ಹಿಂಬಾಲಿಸತ್ತೆ ಅಂತ ಆ ಕಾಲದಲ್ಲಿ ನಂಬೋರಿದ್ರು, ಜನ ಗೆರೆ ದಾಟಿ ಹೋಗಿ ಮನೆ ಕಟ್ಟಿ ಬಿತ್ತಿದ್ರು, 1880ರ ದಶಕದಲ್ಲಿ ಬರ ಬಂದು ಎಲ್ಲಾ ಬಿಟ್ಟು ಓಡಿದ್ರು. ಚಿತ್ರದುರ್ಗ ಪಾವಗಡ ಕಡೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಕನ್ಯಾಕ ಅದಕ್ಕಿಂತ ಹಳೇದು, ಗೋಧಿ ಅಲ್ಲ ಕುರಿ. ಹ್ಯೂ ಪ್ರೋಬಿ ಅಂತ, ಒಬ್ಬ ಅರ್ಲ್‌ನ, ಅಂದ್ರೆ ಬ್ರಿಟಿಷ್ ಜಹಗೀರುದಾರನ ಮಗ 1850ರ ಆಸುಪಾಸಿನಲ್ಲಿ ಬಂದು ಈ ಜಮೀನು ಹಿಡಿದ. ಹೆಚ್ಚು ದಿನ ಬದುಕ್ಲಿಲ್ಲ. 1852ರ ಆಗಸ್ಟ್ 30ರಂದು ಗುಡುಗು ಮಳೇಲಿ ದನ ಅಟ್ಟಿಸ್ಕೊಂಡು ಹೋಗುವಾಗ ವಿಲೋಚ್ರಾ ಹಳ್ಳ ಒಂದೇ ಸಲಕ್ಕೆ ಏರಿ ಕೊಚ್ಚಿಕೊಂಡು ಹೋದ. ವರ್ಷಪೂರ್ತಿ ಒಣಗಿರೋ ಹಳ್ಳ ಅದು. ಅವನ ಸಮಾಧಿಗೆ ದಾರೀಲಿ ಬೋರ್ಡ್ ಇದೆ, 1858ರಲ್ಲಿ ಹಾಕಿಸಿದ ಕಲ್ಲು ಈಗಲೂ ಇದೆ. ಐದು ನಿಮಿಷ ನಿಲ್ಲಿ. "ಸ್ವಲ್ಪನೇ ನೀರಿದೆ, ದಾಟ್ಬಿಡೋಣ" ಅನ್ನೋ ಗಂಡಂದಿರನ್ನ ಅಲ್ಲಿ ಕರ್ಕೊಂಡು ಹೋಗಿ ತೋರಿಸ್ಬೇಕು.

ಅವನ ನಂತರ ಸ್ಟೇಷನ್ ಬೆಳೀತು, ಸುಮಾರು 70 ಕುಟುಂಬ ಇದ್ದ ಸಣ್ಣ ಊರೇ ಆಯ್ತು. 1860ರ ದಶಕದ ಮಧ್ಯದ ಬರದಲ್ಲಿ ಸಾವಿರಗಟ್ಟಲೆ ಕುರಿ ಸತ್ತವು, 1888ರ ಹೊತ್ತಿಗೆ ಪೂರ್ತಿ ಬಿಟ್ಟು ಹೋದ್ರು. ಮೊದಲ ಯಜಮಾನ ನೀರಲ್ಲಿ ಹೋದ, ಅವನ ಸ್ಟೇಷನ್ನು ನೀರಿಲ್ಲದೆ ಹೋಯ್ತು.

ಈಗ ನೋಡೋಕೆ ಟಿಕೆಟ್ ಇಲ್ಲ ಗೇಟ್ ಇಲ್ಲ. ಗೋಡೆಗಳೆಲ್ಲ ಅಲ್ಲೇ ಸಿಕ್ಕ ಕಲ್ಲು, ಕಂದು ಕೆಂಪು ಬಣ್ಣ, ಮಧ್ಯದ ಗಾರೆ ಉದುರಿ ಕಲ್ಲಿನ ಅಂಚು ಆಚೆ ಬಂದಿದೆ. ಮಾಳಿಗೆ ಇಲ್ಲ, ಬಾಗಿಲು ಇಲ್ಲ, ಆದ್ರೆ ಒಲೆಗೂಡುಗಳು ಹಾಗೇ ನಿಂತಿವೆ, ಒಳಗೆ ತಲೆ ಹಾಕಿ ಮೇಲೆ ನೋಡಿದ್ರೆ ಹೊಗೆಗೂಡಿನ ಚೌಕದಲ್ಲಿ ನೀಲಿ ಆಕಾಶ ಕಾಣತ್ತೆ. ಗೋಡೆ ಮೇಲೆ ಹತ್ಬೇಡಿ, ಮಕ್ಕಳನ್ನೂ ಹತ್ತಿಸ್ಬೇಡಿ, ಫೋಟೋಗೆ ಅಂತ ಒರಗೋದೂ ಬೇಡ, ಕಲ್ಲು ಸಡಿಲ. ಸೆಕೆಗಾಲದಲ್ಲಿ ಹಾವು ಇರತ್ತೆ, ಕಲ್ಲಿನ ಸಂದಿಗೆ ಕೈ ಹಾಕೋ ಅಭ್ಯಾಸ ಬಿಡಿ. ಅಪ್ಪ ಅಮ್ಮನ್ನ ಕರ್ಕೊಂಡು ಬಂದೋರಿಗೆ ಈ ಜಾಗ ಸುಲಭ, ನಡಿಗೆ ತುಂಬಾ ಕಮ್ಮಿ.

ಹಾಕರ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಅರ್ಧ ಇದ್ರೂ ಸರಿ. ಸಂಜೆ ಸೂರ್ಯ ಇಳಿಯೋ ಮುಂಚೆ ವಿಲ್ಪೀನಾದಲ್ಲಿರ್ಬೇಕು. ಕತ್ತಲಾಗ್ತಿದ್ದ ಹಾಗೆ ಕಾಂಗರೂ ಎಮು ರಸ್ತೆಗೆ ಬರ್ತವೆ. ಅಡ್ಡ ಬಂದ್ರೆ ನೇರ ಬ್ರೇಕ್ ಹಾಕಿ, ಸ್ಟೀರಿಂಗ್ ಕಿತ್ತು ಪಕ್ಕಕ್ಕೆ ಎಳೆದ್ರೆ ಕಾರು ಮಗಚತ್ತೆ. ಒಂದು ದಾಟಿತು ಅಂತ ಆಕ್ಸಲರೇಟರ್ ಒತ್ಬೇಡಿ, ಹಿಂದೆ ಇನ್ನೊಂದು ಇರತ್ತೆ.

5. ಎರಡನೇ ದಿನ: ವಿಲ್ಪೀನಾದ ಎರಡು ಮನೆ

ಇವತ್ತು ಕಾರಿಗೆ ರಜೆ ಅಂದ್ಕೊಳ್ಳಿ. ಓಲ್ಡ್ ವಿಲ್ಪೀನಾ ಸ್ಟೇಷನ್ ರೆಸಾರ್ಟ್ ಹತ್ರನೇ. 1851ರಲ್ಲಿ ಶುರುವಾಗಿ 1985ರವರೆಗೆ ಕೆಲಸ ಮಾಡಿದ ಸ್ಟೇಷನ್. ಕನ್ಯಾಕದಲ್ಲಿ ಬರೀ ಅಸ್ಥಿಪಂಜರ ನೋಡಿದ್ರಲ್ಲ, ಇಲ್ಲಿ ಮೈ ಪೂರ್ತಿ ಇದೆ: ಮನೆ, ಕಮ್ಮಾರಸಾಲೆ, ಉಗ್ರಾಣ, ಪೈನ್ ಮರದ ದಿಮ್ಮಿ ಸಾಲಾಗಿ ನೆಟ್ಟು ಮಾಡಿದ ಗೋಡೆಗಳು. ಬೋರ್ಡ್ ಓದ್ಕೊಂಡು ಒಂದೆರಡು ಗಂಟೆ ಸುತ್ತಬಹುದು.

ಇನ್ನೊಂದು ಹಿಲ್ಸ್ ಹೋಮ್‌ಸ್ಟೆಡ್, ದೊಡ್ಡಿ ಒಳಗೇ ಇರೋದು. ರೆಸಾರ್ಟ್‌ನಿಂದ ಹಳ್ಳದ ಪಕ್ಕ ನೆರಳಲ್ಲಿ ನಡ್ಕೊಂಡು ಹೋಗಿ ಬರೋಕೆ ಆರಾಮಾಗಿ ಮೂರು ಗಂಟೆ. ದಾರೀಲಿ ಬಿಳಿ ಬೊಡ್ಡೆಯ ದೊಡ್ಡ ದೊಡ್ಡ ಮರ ಸಿಗತ್ತೆ, ರಿವರ್ ರೆಡ್ ಗಮ್ ಅಂತಾರೆ, ನಮ್ಮ ಕೋಲಾರದ ಕಡೆ ನೆಟ್ಟಿರೋ ನೀಲಗಿರಿ ಮರದ ದಾಯಾದಿ, ಆದ್ರೆ ಇಲ್ಲಿ ನಾಲ್ಕು ಜನ ಕೈ ಹಿಡಿದು ತಬ್ಬಿದ್ರೂ ಸಾಲಲ್ಲ. ಹಿಲ್ ಅನ್ನೋ ಕುಟುಂಬ ಇಲ್ಲಿ 1900ರ ದಶಕದ ಶುರುವಿನಲ್ಲಿ ಗೋಧಿ ಬೆಳೆಯೋಕೆ ಬಂತು, ಗಾಡಿ ಓಡಾಡೋಕೆ ಈ ಇಕ್ಕಟ್ಟಿನಲ್ಲೇ ಒದ್ದಾಡಿ ದಾರಿ ಮಾಡ್ಕೊಂಡ್ರು. 1914ರ ಪ್ರವಾಹ ಆ ದಾರಿನ ಕೊಚ್ಕೊಂಡು ಹೋಯ್ತು, ಮತ್ತೆ ಕಟ್ಟೋ ಶಕ್ತಿ ಇಲ್ದೆ ಬಿಟ್ಟು ಹೋದ್ರು. ಮನೆ ಪುಟ್ಟದು, ನಮ್ಮ ಬೆಂಗಳೂರಿನ ಒಂದು ಬಿಎಚ್‌ಕೆಯಷ್ಟು. ಅಲ್ಲಿಂದ ಮೇಲೆ ವಾಂಗಾರ ಲುಕ್‌ಔಟ್ ಹತ್ತಿದ್ರೆ ದೊಡ್ಡಿ ಪೂರ್ತಿ ಕಾಣತ್ತೆ, ಮಂಡಿನೋವು ಇರೋರು ಮನೆ ಹತ್ರನೇ ಕೂತ್ಕೊಳ್ಳಿ.

ಸೇಂಟ್ ಮೇರಿ ಪೀಕ್ ಇಲ್ಲಿಯ ಎತ್ತರದ ಶಿಖರ, 1,171 ಮೀಟರ್. ತುದಿವರೆಗೆ ಹತ್ತಬೇಡಿ ಅಂತ ಅಡ್ನಮತ್ನ ಜನ ಕೇಳ್ಕೊಂಡಿದಾರೆ, ಅವ್ರಿಗೆ ಅದು ಪವಿತ್ರ. ಕಾನೂನು ಅಡ್ಡ ಇಲ್ಲ, ಆದ್ರೆ ಶಿಖರದ ಕೆಳಗಿರೋ ಟಾಂಡೆರಾ ಸ್ಯಾಡಲ್‌ವರೆಗೆ ಹೋಗಿ ತಿರುಗಿ ಬಂದ್ರೆ ನಿಮಗೇನೂ ನಷ್ಟ ಇಲ್ಲ. ನಮ್ಮ ಗರ್ಭಗುಡಿ ಒಳಗೆ ಯಾರಾದ್ರೂ ಶೂ ಹಾಕ್ಕೊಂಡು ಸೆಲ್ಫಿ ತಗೊಂಡ್ರೆ ನಮಗೆ ಹೇಗನ್ಸತ್ತೆ, ಹಾಗೇ.

ಸಂಜೆ ವಿಸಿಟರ್ ಸೆಂಟರ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ನಾಳೆ ಬ್ರಚೀನಾ ರಸ್ತೆ ತೆರೆದಿರತ್ತಾ? ನೀವು ಗೂಗಲ್ ಮಾಡಿದ್ದು ಮುಖ್ಯ ಅಲ್ಲ, ಅಲ್ಲಿಯೋರು ಹೇಳಿದ್ದು ಮುಖ್ಯ. ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿನೂ ಆನ್‌ಲೈನಲ್ಲಿ ನೋಡಿ. ಮುಚ್ಚಿದೆ ಅಂತ ಬೋರ್ಡ್ ಇದ್ರೂ ನುಗ್ಗಿದ್ರೆ ದಂಡ ಜೋರಾಗೇ ಬೀಳತ್ತೆ.

6. ಮೂರನೇ ದಿನ: ಗಾರ್ಜ್

ದಾರಿ ಪೂರ್ವದಿಂದ ಪಶ್ಚಿಮಕ್ಕೆ. ಇದನ್ನ ಉಲ್ಟಾ ಮಾಡ್ಬೇಡಿ. ವಿಲ್ಪೀನಾದಿಂದ ಬ್ಲಿನ್‌ಮನ್ ರಸ್ತೇಲಿ ಉತ್ತರಕ್ಕೆ ಹೋಗಿ ಎಡಕ್ಕೆ ಬ್ರಚೀನಾ ತಿರುವು ತಗೊಂಡ್ರೆ ಬೆಳಗಿನ ಬಿಸಿಲು ಬೆನ್ನಿಗಿರತ್ತೆ, ಕಣ್ಣು ಕುಕ್ಕಲ್ಲ, ಮತ್ತೆ ಇಲ್ಲಿಯ 20 ಕಿಲೋಮೀಟರ್ ಜಿಯಾಲಾಜಿಕಲ್ ಟ್ರೇಲ್, ಅಂದ್ರೆ ಬಂಡೆಗಳ ವಯಸ್ಸು ಹೇಳೋ ಬೋರ್ಡ್‌ಗಳ ಸಾಲು, ಹಳೇ ಬಂಡೆಯಿಂದ ಹೊಸ ಬಂಡೆ ಕಡೆಗೆ ಕ್ರಮವಾಗಿ ಬರತ್ತೆ. ಪಶ್ಚಿಮದಿಂದ ಶುರು ಮಾಡಿದ್ರೆ ಪುಸ್ತಕ ಕೊನೇ ಪುಟದಿಂದ ಓದಿದ ಹಾಗೆ. ಬನ್ಯೆರೂ ಕಣಿವೆ ಕಡೆಯಿಂದನೂ ಬಂದು ಸೇರ್ಬಹುದು, ಅಲ್ಲಿಯ ರೇಜರ್‌ಬ್ಯಾಕ್ ಲುಕ್‌ಔಟ್ ಫೋಟೋ ನೀವು ಎಲ್ಲಾ ಕ್ಯಾಲೆಂಡರ್‌ನಲ್ಲೂ ನೋಡಿರ್ತೀರ, ಆದ್ರೆ ಆಗ ಟ್ರೇಲಿನ ಮೊದಲ ಭಾಗ ತಪ್ಪತ್ತೆ. ಮೊದಲ ಸಲ ಹೋಗೋರು ಟ್ರೇಲ್ ಪೂರ್ತಿ ಮಾಡಿ ಅಂತ ನನ್ನ ಮಾತು.

20 ಕಿಲೋಮೀಟರ್‌ಗೆ ಮ್ಯಾಪ್ ಅರ್ಧ ಗಂಟೆ ತೋರಿಸ್ಬಹುದು, ನೀವು ಮೂರು ಗಂಟೆ ಇಟ್ಕೊಳ್ಳಿ.

ಡ್ರೈವಿಂಗ್ ಬಗ್ಗೆ: ಮಣ್ಣು ರಸ್ತೆ ಮೇಲೆ ಕಾರುಗೇಷನ್ ಇರತ್ತೆ, ತಗಡಿನ ಶೀಟ್ ಥರ ಅಡ್ಡ ಅಡ್ಡ ಅಲೆ. ಮೊದಲು ಡ್ಯಾಶ್‌ಬೋರ್ಡ್ ಗಡಗಡ ಅನ್ನತ್ತೆ, ಆಮೇಲೆ ಕಪ್ ಹೋಲ್ಡರಲ್ಲಿರೋ ಚಿಲ್ಲರೆ ಕುಣಿಯತ್ತೆ, ಆಮೇಲೆ ನಿಮ್ಮ ಮಾತೇ ನಡುಗೋಕೆ ಶುರು. ಜೋರಾಗಿ ಹೋದ್ರೆ ಅಲೆ ಮೇಲೆ ತೇಲ್ಕೊಂಡು ಹೋಗತ್ತೆ ಅಂತ ಯಾರಾದ್ರೂ ಹೇಳಿರ್ತಾರೆ, ನಿಜ, ಬ್ರೇಕೂ ತೇಲತ್ತೆ. 30–40ರಲ್ಲಿ ಹೋಗಿ. ಎದುರು ಗಾಡಿ ಬಂದ್ರೆ ಪೂರ್ತಿ ನಿಧಾನ ಮಾಡಿ, ಅವ್ರ ಚಕ್ರದಿಂದ ಸಿಡಿಯೋ ಕಲ್ಲು ಗ್ಲಾಸ್ ಒಡೆಯತ್ತೆ, ಅವ್ರೆಬ್ಬಿಸಿದ ಧೂಳಲ್ಲಿ ಮುಂದೇನೂ ಕಾಣಲ್ಲ.

ಮುಂದೆ ಮುಂದೆ ಹೋದ ಹಾಗೆ ರಸ್ತೆ ಹಳ್ಳದ ಪಕ್ಕ ಹೋಗೋದು ಬಿಟ್ಟು ಹಳ್ಳದ ಒಳಗೇ ಇಳಿಯತ್ತೆ. ಗಾರ್ಜ್‌ನಲ್ಲಿ ಹಳ್ಳನೇ ದಾರಿ. ಅದಕ್ಕೇ ಶುರುವಿನಲ್ಲಿ ಹೇಳಿದ್ದು ಮಳೆ ಬಂದ್ರೆ ಎಲ್ಲಾ ಕ್ಯಾನ್ಸಲ್ ಅಂತ. ನಿಮ್ಮ ತಲೆ ಮೇಲೆ ಬಿಸಿಲಿದ್ರೂ ಮೇಲಿನ ಬೆಟ್ಟದಲ್ಲಿ ಗುಡುಗಿದ್ರೆ ಆ ನೀರು ಬರೋ ದಾರಿ ಇದೇ. ಹರಿಯೋ ನೀರು ಕಂಡ್ರೆ, ತಳ ಕಾಣದೇ ಇದ್ರೆ, ಕಂದು ಬಣ್ಣ ಇದ್ರೆ, ಎಷ್ಟು ಆಳ ಅಂತ ಲೆಕ್ಕ ಹಾಕೋ ಗೋಜಿಗೆ ಹೋಗ್ಬೇಡಿ, ಮಂಡಿವರೆಗೆ ಕೂಡ ಬರದ ನೀರು ಕಾರನ್ನ ಎತ್ತಿ ತೇಲಿಸತ್ತೆ. ತಿರುಗಿಸ್ಕೊಂಡು ಎತ್ತರದ ಜಾಗಕ್ಕೆ ಹೋಗಿ ಕಾಯಿರಿ. ಹಳ್ಳದ ಮರಳಿನ ಮೇಲೆ ಟೆಂಟ್ ಹಾಕೋದು, ಕಾರು ನಿಲ್ಲಿಸಿ ಮಲಗೋದು ಬೇಡವೇ ಬೇಡ. ಆ ದೊಡ್ಡ ಗಮ್ ಮರದ ಕೆಳಗೂ ಬೇಡ, ಗಾಳಿ ಇಲ್ಲದೇ ಇದ್ರೂ ಟೊಂಗೆ ಧೊಪ್ ಅಂತ ಬೀಳತ್ತೆ.

ನೋಡ್ಬೇಕಾದ್ದು ಮೂರು ಹೇಳ್ತೀನಿ, ಬಾಕಿ ನೀವೇ ಹುಡುಕಿ.

ಎನೊರಾಮಾ ಹಳ್ಳದ ಹತ್ರ ಬಂಡೆಗೆ ಹೊಡೆದ ಒಂದು ಕಂಚಿನ ಬಿಲ್ಲೆ. ಇದನ್ನ ಗೋಲ್ಡನ್ ಸ್ಪೈಕ್ ಅಂತಾರೆ, ಚಿನ್ನನೂ ಇಲ್ಲ ಮೊಳೆನೂ ಇಲ್ಲ. ಭೂಮಿಯ ಇತಿಹಾಸದಲ್ಲಿ ಒಂದು ಕಾಲ ಮುಗಿದು ಇನ್ನೊಂದು ಕಾಲ ಇಲ್ಲಿಂದ ಶುರು ಅಂತ ಜಗತ್ತಿನ ಭೂವಿಜ್ಞಾನಿಗಳೆಲ್ಲ ಒಪ್ಪಿ 2004ರಲ್ಲಿ ಗುರುತು ಮಾಡಿದ ಗಡಿಕಲ್ಲು. ಆ ಕಾಲಕ್ಕೆ ಎಡಿಯಾಕರನ್ ಅಂತ ಹೆಸರು, ಶುರುವಾಗಿದ್ದು ಸುಮಾರು 63.5 ಕೋಟಿ ವರ್ಷ ಹಿಂದೆ. ಬಿಲ್ಲೆ ಕೆಳಗಿರೋ ಬಂಡೆ ಹಿಮ ಕರಗಿ ಬಿಟ್ಟು ಹೋದ ಕೆಸರು, ಮೇಲಿರೋದು ತೆಳು ಹಳದಿ ಬಣ್ಣದ ಸುಣ್ಣದ ಪದರ. ಈ ಸುಡೋ ಜಾಗದಲ್ಲಿ ನಿಂತು ಇಲ್ಲಿ ಹಿಮ ಇತ್ತು ಅಂತ ಓದೋದು ಒಂಥರಾ ವಿಚಿತ್ರ. ಹೆಸರು ಬಂದಿದ್ದು ಇಲ್ಲಿಂದ ವಾಯವ್ಯಕ್ಕಿರೋ ಎಡಿಯಾಕರಾ ಬೆಟ್ಟದಿಂದ, ಅಲ್ಲಿ 1946ರಲ್ಲಿ ರೆಜ್ ಸ್ಪ್ರಿಗ್ ಅನ್ನೋ ಭೂವಿಜ್ಞಾನಿಗೆ ಮೆತ್ತನೆ ಮೈಯ ಪ್ರಾಣಿಗಳ ಅಚ್ಚು ಕಲ್ಲಿನ ಮೇಲೆ ಸಿಕ್ತು. ನಿಮಗೂ ಅಂಥ ಕಲ್ಲು ಸಿಕ್ಕಿದ್ರೆ ಮುಟ್ಟಿ ನೋಡಿ ಅಲ್ಲೇ ಬಿಡಿ, ಜೇಬಿಗೆ ಹಾಕೋದು ಅಪರಾಧ.

ಎರಡನೇದು, ಬನ್ಯೆರೂ ಪದರದಲ್ಲಿರೋ ಒಂದು ತೆಳು ಗೆರೆ. ಸುಮಾರು 300 ಕಿಲೋಮೀಟರ್ ಪಶ್ಚಿಮಕ್ಕೆ ಅಕ್ರಮನ್ ಅನ್ನೋ ಕಡೆ ಆಕಾಶದಿಂದ ಬಿದ್ದ ಕಲ್ಲು ಸಿಡಿಸಿದ ಚೂರುಗಳು ಇಲ್ಲೀವರೆಗೆ ಬಂದು ಬಿದ್ದಿದ್ದು. ಬೋರ್ಡ್ ಇಲ್ದೆ ಕಣ್ಣಿಗೆ ಬೀಳಲ್ಲ.

ಮೂರನೇದು ಕಲ್ಲಲ್ಲ. ಪಶ್ಚಿಮದ ಕಡೆ ಕಮರಿ ಇಕ್ಕಟ್ಟಾಗೋ ಕಡೆ ಕಲ್ಲು ಜಾರಿ ರಾಶಿ ಬಿದ್ದಿರೋ ಇಳಿಜಾರು ಕಾಣತ್ತೆ, ಅಲ್ಲಿ ಇಂಜಿನ್ ಆಫ್ ಮಾಡಿ, ಬಾಗಿಲು ಹಾಕೋ ಸದ್ದು ಮಾಡದೇ ಹತ್ತು ನಿಮಿಷ ಕೂತ್ಕೊಳ್ಳಿ. ಮೊದಲು ಏನೂ ಕಾಣಲ್ಲ. ಆಮೇಲೆ ಒಂದು ಕಲ್ಲು ಕಿವಿ ಅಲ್ಲಾಡಿಸತ್ತೆ. ಹಳದಿ ಕಾಲಿನ ರಾಕ್ ವಾಲಬಿ, ಕಾಂಗರೂನ ಚಿಕ್ಕ ನೆಂಟ, ಅಡ್ನಮತ್ನ ಭಾಷೇಲಿ ಅಂಡು. ಬಾಲದಲ್ಲಿ ಹಳದಿ ಕಂದು ಪಟ್ಟೆ, ಕೆನ್ನೆ ಮೇಲೆ ಬಿಳಿ ಗೆರೆ, ನೇರ ಗೋಡೆ ಮೇಲೆ ಮೂರು ನೆಗೆತಕ್ಕೆ ಮಾಯ. ನರಿ, ಕಾಡುಮೇಕೆ ಕಾಟದಿಂದ ತುಂಬಾ ಕಮ್ಮಿ ಆಗಿದ್ವು, 1992ರಿಂದ ಬೌನ್ಸ್‌ಬ್ಯಾಕ್ ಅನ್ನೋ ಯೋಜನೇಲಿ ನರಿ ಮೇಕೆ ಹತೋಟಿಗೆ ತಂದ ಮೇಲೆ ಚೇತರಿಸ್ಕೊಂಡಿವೆ. ಬೆಳಿಗ್ಗೆ ಬೇಗ ಇಲ್ಲ ಸಂಜೆ ಮಾತ್ರ ಕಾಣೋದು, ಮಧ್ಯಾಹ್ನ ಹೋಗಿ ಏನೂ ಇಲ್ಲ ಅಂತ ಬೈಬೇಡಿ. ಚಿಪ್ಸ್ ಹಾಕ್ಬೇಡಿ.

7. ಏನಾದ್ರೂ ಆದ್ರೆ

ಕಾರು ಬಿಟ್ಟು ನಡೆಯೋದು ದೊಡ್ಡ ತಪ್ಪು. ಹುಡುಕೋರಿಗೆ ಮೇಲಿಂದ ಕಾರು ಕಾಣತ್ತೆ, ಮನುಷ್ಯ ಕಾಣಲ್ಲ. ಬಾನೆಟ್ ಎತ್ತಿ, ನೆರಳಲ್ಲಿ ಕೂತು ನೀರು ಕುಡೀತಾ ಇರಿ. ಸೀಸನ್‌ನಲ್ಲಿ ಗಂಟೆಗೊಂದಾದ್ರೂ ಗಾಡಿ ಬರತ್ತೆ, ಇಲ್ಲಿಯೋರು ನಿಲ್ಲಿಸದೇ ಹೋಗೋದು ಕಮ್ಮಿ. ಯಾವ ನೆಟ್‌ವರ್ಕ್ ಸಿಕ್ಕಿದ್ರೂ ತುರ್ತು ನಂಬರ್ 000, ಮೊಬೈಲಲ್ಲಿ 112ನೂ ನಡೆಯತ್ತೆ. ಜೀವಕ್ಕೇ ಅಪಾಯ ಅಂದ್ರೆ ಪಿಎಲ್‌ಬಿ. ಗಂಭೀರ ಗಾಯ ಆದೋರನ್ನ ಎಷ್ಟೋ ಸಲ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ವಿಮಾನದಲ್ಲಿ ಸಾಗಿಸ್ತಾರೆ, ಪೋರ್ಟ್ ಅಗಸ್ಟಾದಲ್ಲಿ ಅವ್ರ ಬೇಸ್ ಇದೆ. ವಿಸಿಟರ್ ವೀಸಾದಲ್ಲಿರೋ ಅಪ್ಪ ಅಮ್ಮಂಗೆ ಟ್ರಾವೆಲ್ ಇನ್ಶೂರೆನ್ಸ್ ಇದ್ಯಾ ಅಂತ ಮನೇಲೇ ನೋಡ್ಕೊಳ್ಳಿ, ಬಿಲ್ ಬಂದ ಮೇಲೆ ಅಲ್ಲ.

8. ವಾಪಸ್

ಗಾರ್ಜ್ ದಾಟಿ ಪಶ್ಚಿಮಕ್ಕೆ ಬಯಲಿಗೆ ಬಂದ್ರೆ ಹಾಕರ್–ಲೀ ಕ್ರೀಕ್ ಟಾರು ರಸ್ತೆ ಸಿಗತ್ತೆ, ಎಡಕ್ಕೆ ತಿರುಗಿದ್ರೆ ಹಾಕರ್‌ಗೆ ಹೋಗತ್ತೆ. ಬಂದ ದಾರೀಲೇ ಮತ್ತೆ ಕಲ್ಲು ತುಳಿಯೋದು ಬೇಕಾಗಿಲ್ಲ. ಮಣ್ಣು ರಸ್ತೆಗೆ ಅಂತ ಟೈರ್ ಗಾಳಿ ಸ್ವಲ್ಪ ಇಳಿಸಿದ್ರೆ ಮತ್ತೆ ತುಂಬಿಸಿ, ನಾಲ್ಕೂ ಚಕ್ರ ಒಂದು ಸುತ್ತು ಕಣ್ಣಲ್ಲಿ ನೋಡಿ, ಸೀಳು ಇದ್ರೆ ಇಲ್ಲೇ ಗೊತ್ತಾಗ್ಲಿ, 110ರಲ್ಲಿ ಹೋಗುವಾಗ ಅಲ್ಲ. ಅದೇ ದಿನ ಅಡಿಲೇಡ್ ಮುಟ್ಟೋ ಹಠ ಇದ್ರೆ ಮಧ್ಯಾಹ್ನ 12ರ ಒಳಗೆ ಹಾಕರ್ ಬಿಟ್ಟಿರ್ಬೇಕು, ತಡ ಆದ್ರೆ ಕ್ವಾರ್ನ್‌ನಲ್ಲಿ ಉಳ್ಕೊಳ್ಳಿ, ಕಾಂಗರೂ ವಿಷ್ಯ ಮೇಲೇ ಹೇಳಿದೀನಲ್ಲ.

ಹಾಕರ್‌ನಲ್ಲಿ ಫೋನ್ ಸಿಗ್ನಲ್ ಬಂದ ತಕ್ಷಣ ವಾಟ್ಸ್ಯಾಪಿಗೆ ಫೋಟೋ ಹಾಕೋ ಮುಂಚೆ, ಪ್ಲಾನ್ ಬರೆದು ಕೊಟ್ಟು ಬಂದಿದ್ರಲ್ಲ, ಅವ್ರಿಗೆ ಒಂದು ಕಾಲ್ ಮಾಡಿ ಆಚೆ ಬಂದ್ವಿ ಅಂತ ಹೇಳಿ. ಒಂದು ಸಲ ನಾವು ಇದನ್ನ ಮರೆತು ಬೇಕರೀಲಿ ಕಾಫಿ ಕುಡೀತಾ ಕೂತಿದ್ವಿ, ಅಷ್ಟೊತ್ತಿಗೆ ಅಡಿಲೇಡ್‌ನಲ್ಲಿ ನಮ್ಮ ಭಾವ ಪೊಲೀಸ್ ನಂಬರ್ ಒತ್ತೋಕೆ ಕೂತಿದ್ರು.